ನೂರರ ಮಿತಿಯಲ್ಲಿ ಹುರಾಕಾನ್

ಮುಂಬೈಯ ಮಾಟುಂಗದಿಂದ ಲೋಣಾವಳಕ್ಕೆ ವಾಶಿ ಕಡೆಯಿಂದಲೂ ಹೋಗಬಹುದು. ಈಗ ಅಲ್ಲಿ ಕಾರಿಗೆ ಟೋಲ್ ಕೂಡ ಇಲ್ಲ. ಆದರೆ ಭಾವ ಆ ಮಾತನ್ನೇ ಕಿವಿಗೆ ಹಾಕಿಕೊಳ್ಳಲಿಲ್ಲ. "ಅಟಲ್ ಸೇತುವಲ್ಲಿ ಹಂಪ್ ಇಲ್ಲ ಮಾರಾಯ" ಎಂದು ಸಮುದ್ರದ ಮೇಲಿನ ಸೇತುವೆಯನ್ನೇ ಹಿಡಿದರು, ಅಷ್ಟೇ. ಲ್ಯಾಂಬೋರ್ಗಿನಿ ಇಟ್ಟುಕೊಂಡವರು ದಾರಿ ಆರಿಸುವುದು ದೂರ ನೋಡಿ ಅಲ್ಲ, ಹಂಪ್ ನೋಡಿ. ಇದು ನನಗೆ ಗೊತ್ತಾಗಿದ್ದು ಅವತ್ತೇ.

ಭಾವ ಕುಂದಾಪುರ ಕಡೆಯವರು. ಮುಂಬೈಯಲ್ಲಿ ಹೋಟೆಲ್ ಇಟ್ಟು ಚೆನ್ನಾಗಿ ಬೆಳೆದವರು. ಲ್ಯಾಂಬೋರ್ಗಿನಿಯ ಹುರಾಕಾನ್ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ಅಕ್ಕ ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಿರಲಿಲ್ಲವಂತೆ. ನನಗಂತೂ ಸುದ್ದಿ ಕೇಳಿದ ದಿನ ನಿದ್ದೆ ಬರಲಿಲ್ಲ. ಈ ಕಾರು 2014ರಲ್ಲಿ ಬಂದಾಗ ನಾನು ಪಿಯುಸಿ. ಫಿಸಿಕ್ಸ್ ಸೂತ್ರಕ್ಕಿಂತ ಅದರ ಲೆಕ್ಕವೇ ಚೆನ್ನಾಗಿ ಬಾಯಿಪಾಠ ಆಗಿತ್ತು. 5.2 ಲೀಟರ್, ಹತ್ತು ಸಿಲಿಂಡರ್, 610 ಕುದುರೆಶಕ್ತಿ, ನಿಂತಲ್ಲಿಂದ ನೂರಕ್ಕೆ 3.2 ಸೆಕೆಂಡ್. ಊರಲ್ಲಿ ನಾನು ಆಗ ಓಡಿಸುತ್ತಿದ್ದದ್ದು ಗದ್ದೆಯ ಟಿಲ್ಲರ್. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಬಿಡಿ. 1963ರಲ್ಲಿ ಈ ಕಂಪನಿ ಕಟ್ಟಿದ ಫೆರೂಚಿಯೊ ಲ್ಯಾಂಬೋರ್ಗಿನಿ ಕೂಡ ಅದಕ್ಕೆ ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದವರೇ.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಕಾರು ನೆಲಕ್ಕೆ ಅಷ್ಟು ಹತ್ತಿರ, ಬಿಲ್ಡಿಂಗಿನ ಗೇಟ್ ದಾಟುವುದೇ ಒಂದು ಕೆಲಸ. ಭಾವ ಒಂದು ಬಟನ್ ಒತ್ತಿದರು, ಕಾರಿನ ಮೂತಿ ಮೆಲ್ಲಗೆ ಮೇಲೆದ್ದಿತು. ಇಳಿಜಾರು ಇಳಿದರು, ಮತ್ತೆ ಒತ್ತಿದರು, ಕೆಳಗಿಳಿಯಿತು. ವಾಚ್‌ಮನ್ ಇದನ್ನು ದಿನಾ ನೋಡಿದರೂ ಅವತ್ತೂ ಎದ್ದು ಬಂದು ನೋಡಿದ. ಶಿವಡಿಯಲ್ಲಿ ಸೇತುವೆ ಹತ್ತಿದೆವು. 2024ರ ಜನವರಿಯಲ್ಲಿ ಉದ್ಘಾಟನೆಯಾದ ಈ ಸೇತುವೆ 21.8 ಕಿಲೋಮೀಟರ್ ಉದ್ದ. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ. ಸಮುದ್ರ ನೋಡೋಣ ಅಂತ ಕಿಟಕಿ ಕಡೆ ತಿರುಗಿದರೆ ಬರೀ ತಡೆಗೋಡೆ! ಸೀಟು ಅಷ್ಟು ಕೆಳಗಿದೆ. ಪಕ್ಕದಲ್ಲಿ ಹೋದ ಬಸ್ಸಿನವರಿಗೆ ಸಮುದ್ರ ಕಂಡಿತು, ನಮ್ಮ ಪಾಲಿಗೆ ಬಸ್ಸಿನ ಚಕ್ರ. ಮೂರೂವರೆ ಕೋಟಿಯ ಗಾಡಿಯಲ್ಲಿ ನೋಟದ ಲೆಕ್ಕ ಹೀಗೆ.

ಪನ್ವೇಲ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತೆವು. ಬಂಕಿನ ಹುಡುಗ ವಿಜಯಪುರದವನು. ನಾವು ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದ.

"ಅಣ್ಣಾರ, ಇದರಾಗ ಎಷ್ಟ ಮಂದಿ ಕೂಡಬಹುದ್ರಿ?"

"ಇಬ್ಬರು."

"ಇಷ್ಟ ಅಗಲ ಗಾಡಿಗಿ ಇಬ್ಬರೇನ್ರಿ!"

ಅವನ ಮಾತಿನಲ್ಲಿ ಇದ್ದದ್ದು ಬೆರಗಲ್ಲ, ಅಯ್ಯೋ ಪಾಪ ಅನ್ನುವ ಧಾಟಿ.

ಅಲ್ಲೇ ಭಾವ ಸೀಟು ಬಿಟ್ಟುಕೊಟ್ಟರು. ಸ್ಟಾರ್ಟ್ ಬಟನ್ ಮೇಲೆ ಕೆಂಪು ಮುಚ್ಚಳ. ಅದನ್ನು ಎತ್ತಿ, ಬ್ರೇಕ್ ತುಳಿದು ಬಟನ್ ಒತ್ತಬೇಕು. ಒತ್ತಿದೆ. ಬೆನ್ನ ಹಿಂದೆ ಒಂದು ಸಲ ಜೋರಾಗಿ ಕೂಗಿ, ಆಮೇಲೆ ಗುರುಗುಟ್ಟುತ್ತಾ ಕೂತಿತು. ಕ್ಲಚ್ ಇಲ್ಲ, ಗೇರ್ ಕಡ್ಡಿ ಇಲ್ಲ. ಸ್ಟೀರಿಂಗ್ ಹಿಂದಿನ ಬಲಗಡೆಯ ಪ್ಯಾಡಲ್ ಎಳೆದರೆ ಮೊದಲನೇ ಗೇರ್. ಇಂಡಿಕೇಟರ್‌ಗೂ ಕಡ್ಡಿ ಇಲ್ಲ, ಸ್ಟೀರಿಂಗ್ ಮೇಲೆ ಎಡ ಹೆಬ್ಬೆರಳಿಗೆ ಸಿಗುವ ಪುಟ್ಟ ಬಟನ್. ಹಿಂದೆ ನೋಡುವ ಕನ್ನಡಿಯಲ್ಲಿ ಎಂಜಿನ್ ಮುಚ್ಚಳದ ಪಟ್ಟಿಗಳ ಸಂದಿಯಲ್ಲಿ ಸೀಳು ಸೀಳಾಗಿ ರಸ್ತೆ. "ಹಿಂದೆ ಎಂತಕ್ಕೆ ನೋಡುದು? ಮುಂದೆ ನೋಡು" ಎಂದರು ಭಾವ.

ಕಳಂಬೋಲಿಯಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಸೇರಿದೆ. 2002ರಿಂದ ಓಡಾಟಕ್ಕಿರುವ ಆರು ಪಥದ ರಸ್ತೆ, ಬೈಕುಗಳಿಗೆ ಪ್ರವೇಶವಿಲ್ಲ. ಕಾರಿನ ಮಿತಿ 100, ಮೇಲೆ ಕ್ಯಾಮೆರಾ. ಏಳನೇ ಗೇರಿನಲ್ಲಿ ನೂರಕ್ಕೆ ಎಂಜಿನ್ ಆರಾಮಾಗಿ ತಿರುಗುತ್ತಿರುತ್ತದೆ, ಅದಕ್ಕೆ ಇದು ಕೆಲಸವೇ ಅಲ್ಲ. ಗಂಟೆಗೆ 325 ಓಡಲು ಹುಟ್ಟಿದ ಕಾರನ್ನು ಒಂದು ಮಾರುತಿ ಎರ್ಟಿಗಾ ನಿಶ್ಚಿಂತೆಯಿಂದ ಓವರ್‌ಟೇಕ್ ಮಾಡಿ ಹೋಯಿತು. ಹಿಂದಿನ ಸೀಟಿನ ಮಕ್ಕಳು ಟಾಟಾ ಮಾಡಿದರು. ನಾನೂ ಮಾಡಿದೆ, ಇನ್ನೇನು ಮಾಡೋದು?

ವೇಗ ನಮ್ಮ ರಸ್ತೆಯಲ್ಲಿ ಇದರ ಸುಖ ಅಲ್ಲವೇ ಅಲ್ಲ ಅಂತ ನನಗೆ ಖಾತ್ರಿಯಾದದ್ದು ಘಾಟಿಯಲ್ಲಿ. ಖಾಲಾಪುರ ಟೋಲ್ ದಾಟಿ ಬೋರ್ ಘಾಟಿ ಏರು ಶುರುವಾಯಿತು. ಮಿತಿ ಇನ್ನೂ ಕಡಿಮೆ. ಎಡಗಡೆ ಟ್ರಕ್ಕುಗಳ ಸಾಲು. ಭಾವ ಸ್ಟೀರಿಂಗ್ ಕೆಳಗಿನ ಸಣ್ಣ ಸ್ವಿಚ್ ತೋರಿಸಿದರು. ಸ್ಟ್ರಾಡಾ ಅನ್ನುವ ಮಾಮೂಲಿ ಓಟದ ಮೋಡ್‌ನಿಂದ ಸ್ಪೋರ್ಟ್‌ಗೆ ಒತ್ತಿದೆ, ಎಡ ಪ್ಯಾಡಲ್ ಎಳೆದು ಎರಡನೇ ಗೇರಿಗೆ ತಂದೆ. ಸುರಂಗದ ಬಾಯಿ ಎದುರಿಗಿತ್ತು. ಕಿಟಕಿ ಇಳಿಸಿದೆ.

ಟರ್ಬೊ ಇಲ್ಲದ ಎಂಜಿನ್ನಿಗೆ ಒಂದು ಗುಣ ಇದೆ. ಕಾಲು ಎಷ್ಟು ಒತ್ತಿದರೆ ಅಷ್ಟೇ, ಒತ್ತಿದ ಕ್ಷಣಕ್ಕೇ. ಗಾಳಿ ಒತ್ತಿ ತುಂಬುವ ಫ್ಯಾನ್ ನಡುವೆ ಇಲ್ಲದ್ದರಿಂದ ಸದ್ದೂ ಪೂರ್ತಿ ಹೊರಗೆ ಬರುತ್ತದೆ. ಐವತ್ತರ ವೇಗದಲ್ಲಿ, ಅದೂ ಏರಿನಲ್ಲಿ, ಎಂಜಿನ್ ಸುತ್ತು ತೋರಿಸುವ ಸೂಜಿ ನಾಲ್ಕು ಸಾವಿರದ ಹತ್ತಿರ ಬಂದಾಗ ಸುರಂಗದ ಗೋಡೆಗಳು ಆ ಸದ್ದನ್ನು ವಾಪಸ್ ಎಸೆದವು. ಮೊದಲು ಗಂಟಲಲ್ಲಿದ್ದ ದನಿ ಮೇಲೇರಿ, ಚಂಡೆಯ ಏರು ಪೆಟ್ಟಿನ ಹಾಗೆ ಎದೆಗೇ ಬಂದು ಬಡಿಯಿತು. ಕಾಲು ಎತ್ತಿದರೆ ಹಿಂದೆ ಪಟಪಟ ಅಂತ ಸಿಡಿತ. ಮಿತಿಯೊಳಗೇ ಇದ್ದೆ, ನನ್ನ ಅಂಗೈ ಮಾತ್ರ ಒದ್ದೆಯಾಗಿತ್ತು. ಪಕ್ಕದ ಟ್ರಕ್ಕಿನ ಡ್ರೈವರ್ ಹೊರಗೆ ಕೈ ಹಾಕಿ "ಇನ್ನೊಂದ್ಸಲ" ಅನ್ನುವ ಹಾಗೆ ತಿರುಗಿಸಿ ತೋರಿಸಿದ.

ಈ ಸದ್ದು ಇನ್ನು ಹೊಸ ಕಾರಿನಲ್ಲಿ ಸಿಗುವುದಿಲ್ಲ. 2024ರಲ್ಲಿ ತೋರಿಸಿದ ಇದರ ವಾರಸುದಾರ ಟೆಮೆರಾರಿಯೊಗೆ ಇರುವುದು ಎರಡು ಟರ್ಬೊದ, ಎಂಟು ಸಿಲಿಂಡರಿನ ವಿ8 ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟಾರ್. ಶಕ್ತಿ 920 ಕುದುರೆ. ಕಾಗದದ ಮೇಲೆ ಅದೇ ಮೇಲು, ಒಪ್ಪುತ್ತೇನೆ. ಆದರೂ ನನಗೆ ಒಂದು ಆರಿಸು ಅಂದರೆ ಹಳೆಯದೇ ಸಾಕು.

ಲೋಣಾವಳದಲ್ಲಿ ಹೊರಗೆ ಬಂದ ಮೇಲೆ ಮತ್ತೆ ಹಂಪುಗಳು, ಮತ್ತೆ ಮೂತಿ ಎತ್ತುವ ಬಟನ್. ಪ್ರತಿ ಹಂಪಿಗೂ ಹಿಂದಿನವರು ಹಾರ್ನ್ ಹೊಡೆದರು. ಚಿಕ್ಕಿ ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಜನ ಸುತ್ತುವರಿದರು. ಒಬ್ಬರು ಅಜ್ಜಿಯನ್ನು ಬಾನೆಟ್ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ನಾನು ಆರಾಮಾಗಿ ಮಾಲೀಕನ ಮುಖ ಮಾಡಿಕೊಂಡು ನಿಂತಿದ್ದೆ. ಭಾವ ಮಾತ್ರ ಡಿಕ್ಕಿಯ ಚಿಂತೆಯಲ್ಲಿದ್ದರು. ಎಂಜಿನ್ ಹಿಂದಿರುವುದರಿಂದ ಡಿಕ್ಕಿ ಮುಂದಿದೆ, ಅದರಲ್ಲಿ ಒಂದು ಸಣ್ಣ ಸೂಟ್‌ಕೇಸ್ ಹಿಡಿದರೆ ಹೆಚ್ಚು. ಅಕ್ಕ ಕೊಟ್ಟ ಪಟ್ಟಿಯಲ್ಲಿ ಶೇಂಗಾ ಚಿಕ್ಕಿ, ಗೋಡಂಬಿ ಚಿಕ್ಕಿ, ಮೇಲೆ ಫಡ್ಜ್, ಪಕ್ಕದ ಮನೆಯವರದ್ದೂ ಸೇರಿ. ಕೊನೆಗೆ ಎರಡು ಚೀಲ ನನ್ನ ತೊಡೆಯ ಮೇಲೆ ಬಂತು. ಹಾಗಾಗಿ ವಾಪಸ್ ಬರುವಾಗ ಓಡಿಸುವ ಸರದಿ ಭಾವನದ್ದೇ.