ಪಟ್ಟಿಗೆ ಸೇರದ ಹೆಸರು

ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದ ನನಗೆ, ಸಿಬ್ಬಂದಿಯ ಪ್ರೋತ್ಸಾಹದ ಮಾತು ಬಂದಾಗಲೆಲ್ಲ ನೆನಪಾಗುವುದು ಮಲೆನಾಡಿನ ಅಂಚಿನ ಆಸ್ಪತ್ರೆಯೊಂದರ ಮಳೆಗಾಲ. ಕಾಫಿ ತೋಟದ ಕೆಲಸ ಬಿಟ್ಟು ನೇರವಾಗಿ ಓಡಿಬಂದವರ ಕಾಲಿನ ಕೆಸರು ಹೆರಿಗೆ ವಾರ್ಡಿನ ಬಾಗಿಲವರೆಗೂ ಬರುತ್ತಿತ್ತು. ಹೊರಗುತ್ತಿಗೆಯ ಮೇಲಿದ್ದ ಸ್ವಚ್ಛತಾ ಸಿಬ್ಬಂದಿಯೊಬ್ಬರು ಒಂದೇ ಪಾಳಿಯಲ್ಲಿ ಏಳೆಂಟು ಬಾರಿ, ಯಾರೂ ಹೇಳದೆಯೇ, ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ಆ ವರ್ಷ ಉತ್ತಮ ನೌಕರರಿಗೆ ಶಾಲು ಹೊದಿಸಿದಾಗ, ಕಾಯಂ ನೌಕರರಲ್ಲ ಎಂಬ ಕಾರಣಕ್ಕೆ ಅವರ ಹೆಸರು ಪಟ್ಟಿಗೇ ಸೇರಲಿಲ್ಲ. ವಾರ್ಡಿನ ಹೊಣೆ ಹೊತ್ತಿದ್ದ ನಾನು ಅದನ್ನು ಪ್ರಶ್ನಿಸಲಿಲ್ಲ ಎಂಬ ನೋವು ಇಂದಿಗೂ ಆರಿಲ್ಲ.

ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಕಾಯಕಲ್ಪ ಯೋಜನೆ ಈ ವಿಷಯದಲ್ಲಿ ಒಳ್ಳೆಯ ದಾರಿ ಹಿಡಿದಿದೆ ಎಂಬುದು ನನ್ನ ಅನಿಸಿಕೆ. ನೈರ್ಮಲ್ಯ, ಸೋಂಕು ನಿಯಂತ್ರಣ, ತ್ಯಾಜ್ಯ ವಿಲೇವಾರಿ ಮುಂತಾದವನ್ನು ಅಂಕಗಳಲ್ಲಿ ಅಳೆದು ಸರ್ಕಾರಿ ಆಸ್ಪತ್ರೆಗಳಿಗೆ ಅದು ನಗದು ಬಹುಮಾನ ಕೊಡುತ್ತದೆ. ಆ ಹಣದಲ್ಲಿ ಶೇ 75 ಭಾಗ ಆಸ್ಪತ್ರೆಯ ಸುಧಾರಣೆಗೆ, ಉಳಿದ ಶೇ 25 ಭಾಗ ತಂಡದ ಪ್ರೋತ್ಸಾಹಧನಕ್ಕೆ ಮೀಸಲು. ಇಲ್ಲಿ ‘ತಂಡ’ ಎಂಬ ಮಾತೇ ಮುಖ್ಯ. ವೈದ್ಯರು ಎಷ್ಟೇ ಚೆನ್ನಾಗಿ ಕೈ ತೊಳೆದರೂ, ಹಳದಿ ಚೀಲಕ್ಕೆ ಹೋಗಬೇಕಾದ ರಕ್ತಸಿಕ್ತ ಹತ್ತಿ ಮಾಮೂಲಿ ಕಸದ ಬುಟ್ಟಿಗೆ ಬಿದ್ದರೆ ಸೋಂಕು ತಡೆಯುವ ಸರಪಳಿ ಅಲ್ಲಿಯೇ ಕಡಿಯುತ್ತದೆ. ಒಬ್ಬರಿಂದಾಗದ ಕೆಲಸಕ್ಕೆ ಒಬ್ಬರನ್ನೇ ಆರಿಸಿ ಸನ್ಮಾನಿಸಿದರೆ, ಉಳಿದವರು ಕೈಚೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಬಳದ ಕೊರತೆ ಅಸಮಾಧಾನ ಹುಟ್ಟಿಸುತ್ತದೆ, ಆದರೆ ಕೆಲಸದ ಹುರುಪು ಹೆಚ್ಚಾಗಿ ಮನ್ನಣೆ, ಹೊಣೆಗಾರಿಕೆಗಳಿಂದ ಬರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿಯೇ ವಾದಿಸಿದ್ದರು. ಇದರ ಅರ್ಧವನ್ನಷ್ಟೇ ಹಿಡಿದು, ಎರಡು ತಿಂಗಳು ಸಂಬಳವಾಗದವರಿಗೆ ಪ್ರಮಾಣಪತ್ರ ಕೊಡುವುದು ಅನ್ಯಾಯ. ಗುತ್ತಿಗೆದಾರರಿಂದ ಸಂಬಳ ಸಕಾಲಕ್ಕೆ ಬರುವಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಶಾಲು, ಹಾರಗಳೆಲ್ಲ ಆಮೇಲೆ.

ಆ ಶಾಲು ಸನ್ಮಾನದ ಮರುವರ್ಷದಿಂದ ನಾನು ಬೆಳಗಿನ ಪಾಳಿ ಬದಲಾವಣೆಯ ಹೊತ್ತಿನಲ್ಲಿ, ಹಿಂದಿನ ರಾತ್ರಿ ಯಾರು ಏನು ಮಾಡಿದರು ಎಂಬುದನ್ನು ಎಲ್ಲರೆದುರು ಹೆಸರು ಹಿಡಿದು ಹೇಳತೊಡಗಿದೆ. ಅದಕ್ಕೆ ಯಾವ ಅನುದಾನವೂ ಬೇಕಿರಲಿಲ್ಲ. ಮೊದಲ ದಿನ ಆ ಸ್ವಚ್ಛತಾ ಸಿಬ್ಬಂದಿ ತಲೆ ತಗ್ಗಿಸಿಯೇ ನಿಂತಿದ್ದರು. ಕೆಲವು ವಾರಗಳಲ್ಲಿ, ಹೆರಿಗೆ ಕೋಣೆಯ ಸಿಂಕಿನ ಬಳಿ ಸೋಪು ಮುಗಿದಿದೆಯೆಂದು ನಮ್ಮೆಲ್ಲರಿಗಿಂತ ಮೊದಲು ಬಂದು ಹೇಳುತ್ತಿದ್ದವರು ಅವರೇ.