ಸಿನಾಪ್ಸಿಸ್‌ನಲ್ಲಿ ಅಧ್ಯಾಯ ವಿಂಗಡಣೆ ಇದೆಯಲ್ಲ, ಮತ್ತೆ ರೂಪರೇಷೆ ಯಾಕೆ?

ಪಿಎಚ್‌.ಡಿ. ಕೋರ್ಸ್‌ವರ್ಕ್ ಮುಗಿಸಿ ಮಹಾಪ್ರಬಂಧ ಬರೆಯಲು ಕೂರುವವರು ತಪ್ಪದೆ ಕೇಳುವ ಪ್ರಶ್ನೆ ಇದು. ನೋಂದಣಿಗೆ ಕೊಟ್ಟ ಸಿನಾಪ್ಸಿಸ್‌ನ, ಅಂದರೆ ಸಂಶೋಧನಾ ಯೋಜನೆಯ ಸಾರಾಂಶದ, ಕೊನೆಯಲ್ಲಿ ಅಧ್ಯಾಯಗಳ ಪಟ್ಟಿ ಇದ್ದೇ ಇರುತ್ತದೆ, ಅದನ್ನೇ ಹಿಡಿದು ಬರೆಯುತ್ತಾ ಹೋದರೆ ಸಾಲದೇ ಎಂದು.

ಸಾಲದು. ಆ ಪಟ್ಟಿ ಸಂಶೋಧನಾ ಸಮಿತಿಯ ಒಪ್ಪಿಗೆಗಾಗಿ ಬರೆದದ್ದು. ಅದರಲ್ಲಿ ವಿಷಯಗಳಿರುತ್ತವೆ, ವಾದ ಇರುವುದಿಲ್ಲ.

'ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಕೆರೆ ನಿರ್ವಹಣೆ' ಎಂಬ ವಿಷಯವನ್ನೇ ತೆಗೆದುಕೊಳ್ಳಿ. ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಪ್ರಸ್ತಾವನೆ, ಜಿಲ್ಲೆಯ ಭೌಗೋಳಿಕ ಮತ್ತು ಐತಿಹಾಸಿಕ ಹಿನ್ನೆಲೆ, ಕರ್ನಾಟಕದ ನೀರಾವರಿ ಪರಂಪರೆ, ಶಾಸನಗಳಲ್ಲಿ ಕೆರೆಗಳು, ಸಮಾರೋಪ. ಇದನ್ನು ಹಿಡಿದು ಹೊರಟವರು ಗಂಗರಿಂದ ಒಡೆಯರವರೆಗೆ ಬಂದು ಮುಟ್ಟುವಷ್ಟರಲ್ಲಿ 120 ಪುಟ ಆಗಿರುತ್ತದೆ. ಕೆರೆಯ ಸುದ್ದಿ ಇನ್ನೂ ಬಂದಿರುವುದಿಲ್ಲ. ಗೆಜೆಟಿಯರಿನಿಂದ ಎತ್ತಿ ತುಂಬಿದ ಈ ಹಿನ್ನೆಲೆ ಅಧ್ಯಾಯಗಳೇ ಮುಂದೆ ಕೃತಿಚೌರ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ದಂಡವಿಲ್ಲದ ಹೋಲಿಕೆಯ ಮಿತಿ ಶೇ. 10 ಮಾತ್ರ.

ಆದ್ದರಿಂದ ರೂಪರೇಷೆಯ ಮೊದಲ ಕೆಲಸ ಪ್ರತಿ ಅಧ್ಯಾಯಕ್ಕೂ ಒಂದು ಪೂರ್ಣ ವಾಕ್ಯ ಬರೆಯುವುದು. 'ಶಾಸನಗಳಲ್ಲಿ ಕೆರೆಗಳು' ಎಂಬುದು ಬರೀ ಶೀರ್ಷಿಕೆ. 'ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆಯಾಗಿ ಸಿಕ್ಕ ಭೂಮಿಯೇ ಮುಂದಿನ ತಲೆಮಾರಿನ ದುರಸ್ತಿಯ ಖರ್ಚನ್ನೂ ಹೊತ್ತಿತು' ಎಂದರೆ ಅದು ವಾಕ್ಯ. ಅದನ್ನು ಯಾರಾದರೂ ಅಲ್ಲಗಳೆಯಬಹುದು, ನೀವು ಸಾಧಿಸಿ ತೋರಿಸಬೇಕಾಗುತ್ತದೆ. ಅಲ್ಲಗಳೆಯಲು ಬಾರದ ವಾಕ್ಯಕ್ಕೆ ಪ್ರತ್ಯೇಕ ಅಧ್ಯಾಯ ಬೇಡ.

ಎಲ್ಲ ವಾಕ್ಯಗಳನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆದು ಓದಿ. ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದರೂ ಏನೂ ಕೆಡದಿದ್ದರೆ ಅವೆರಡರ ನಡುವೆ ಇನ್ನೂ ಕೊಂಡಿ ಬಿದ್ದಿಲ್ಲ ಎಂದರ್ಥ.

ಆಮೇಲೆ ಪ್ರತಿ ಅಧ್ಯಾಯಕ್ಕೆ ನಾಲ್ಕೈದು ಉಪಶೀರ್ಷಿಕೆ, ಒಂದೊಂದರ ಕೆಳಗೂ ಮೂರು ಸಾಲು: ಏನು ಹೇಳುತ್ತೀರಿ, ಆಧಾರ ಯಾವುದು, ಇದಕ್ಕೆ ವಿರುದ್ಧವಾಗಿ ಕಾಣುವುದು ಯಾವುದು. ಆಧಾರದ ಸಾಲಿನಲ್ಲಿ 'ಕೆಲವು ಶಾಸನಗಳು' ಎಂದು ಬರೆದರೆ ಕೆಲಸವಾಗಲಿಲ್ಲ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಬೇಕು. ಒಂದೇ ಶಾಸನ ಎರಡು ಕಡೆ ಬಂದರೆ ಅದರ ವಿವರವಾದ ಚರ್ಚೆ ಎಲ್ಲಿ ಎಂಬುದನ್ನು ಈಗಲೇ ತೀರ್ಮಾನಿಸಿ. ಇಲ್ಲದಿದ್ದರೆ ಅದೇ ಪ್ಯಾರಾ ಎರಡು ಅಧ್ಯಾಯದಲ್ಲೂ ಉಳಿದು, ಪರೀಕ್ಷಕರು ಎರಡಕ್ಕೂ ಕೆಂಪು ಗೆರೆ ಹಾಕುತ್ತಾರೆ.

ಹೀಗೆ ಆಧಾರ ತುಂಬುವಾಗಲೇ ವ್ಯಾಪ್ತಿಯ ತೊಡಕು ಹೊರಬೀಳುತ್ತದೆ. ಆ ಮಾಲೆಯಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ ಕೋಲಾರ ಸಂಪುಟ 1905ರದ್ದು. ಅಂದಿನ ಜಿಲ್ಲೆಯಲ್ಲಿ ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಸೇರಿದ್ದವು. 2007ರಲ್ಲಿ ಅವು ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋದವು. ನಿಮ್ಮ 'ಕೋಲಾರ ಜಿಲ್ಲೆ' ಯಾವುದು? ಇದನ್ನು ಪ್ರಸ್ತಾವನೆಯ ಎರಡು ಸಾಲಿನಲ್ಲಿ ಇತ್ಯರ್ಥ ಮಾಡದಿದ್ದರೆ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಅದೇ ಆದೀತು.

ಪುಟಗಳನ್ನೂ ಮೊದಲೇ ಹಂಚಿಕೊಳ್ಳಿ. 240 ಪುಟದ ಪ್ರಬಂಧ ಎಂದುಕೊಂಡರೆ ಪ್ರಸ್ತಾವನೆಗೆ 25, ಪೂರ್ವ ಅಧ್ಯಯನಗಳ ಸಮೀಕ್ಷೆಗೆ 25, ಹಿನ್ನೆಲೆಗೆ 20, ಮೂರು ಮುಖ್ಯ ಅಧ್ಯಾಯಗಳಿಗೆ ತಲಾ 50, ಸಮಾರೋಪಕ್ಕೆ 20. ಹಿನ್ನೆಲೆಗೆ 20 ಎಂದಾಗ ಎಲ್ಲರೂ ಗೊಣಗುತ್ತಾರೆ. ನನ್ನ ಮಟ್ಟಿಗೆ ಅದೂ ಜಾಸ್ತಿಯೇ. ಬರೆಯುವುದನ್ನು ಮುಖ್ಯ ಅಧ್ಯಾಯದಿಂದ ಶುರುಮಾಡಿ. ಪ್ರಸ್ತಾವನೆ ಕೊನೆಗಿರಲಿ.

ಇದನ್ನೆಲ್ಲ ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಹಾಕಿಯೇ ಟೈಪ್ ಮಾಡಿ. ನ್ಯಾವಿಗೇಶನ್ ಪೇನ್‌ನಲ್ಲಿ ಶೀರ್ಷಿಕೆಯನ್ನು ಎಳೆದರೆ ಅದರ ಕೆಳಗಿನ ಬರಹವೆಲ್ಲ ಜೊತೆಗೇ ಸರಿಯುತ್ತದೆ. ಹಳೆಯ ಆಸ್ಕಿ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಆ ಪೇನ್‌ನಲ್ಲಿ ಕನ್ನಡದ ಬದಲು ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ, ಯಾವ ಅಧ್ಯಾಯ ಎಲ್ಲಿದೆಯೋ ತಿಳಿಯದು. ಮೊದಲ ದಿನದಿಂದಲೇ ಯೂನಿಕೋಡ್ ಬಳಸಿ.

ರೂಪರೇಷೆ ಬದಲಾಗಬಹುದೇ? ಬದಲಾಗಲೇಬೇಕು. ನೋಂದಾಯಿತ ಶೀರ್ಷಿಕೆಯನ್ನು ಬದಲಿಸಲು ಸಾಮಾನ್ಯವಾಗಿ ಸಮಿತಿಯ ಒಪ್ಪಿಗೆ ಬೇಕು. ಅಧ್ಯಾಯದೊಳಗಿನ ಜೋಡಣೆ ನಿಮ್ಮ ಮತ್ತು ಗೈಡ್ ನಡುವಿನ ಮಾತು. ಒಂದು ಅಧ್ಯಾಯ ಮುಗಿದಾಗಲೆಲ್ಲ ಅದರ ವಾಕ್ಯವನ್ನು ಮತ್ತೆ ನೋಡಿ. ಆಧಾರ ಬೇರೆಯದನ್ನೇ ಹೇಳಿದ್ದರೆ ತಿದ್ದಬೇಕಾದದ್ದು ವಾಕ್ಯವನ್ನು.

ಗೈಡ್ ಬಳಿ ಹೋಗುವಾಗ 12 ಪುಟದ ವಿವರ ಬೇಡ, ಅಧ್ಯಾಯಗಳ ವಾಕ್ಯಗಳನ್ನು ಬರೆದ ಆ ಒಂದು ಹಾಳೆ ಸಾಕು. 'ಹೇಗಿದೆ ಸರ್?' ಎಂದರೆ 'ಚೆನ್ನಾಗಿದೆ, ಮುಂದುವರಿಸಿ' ಎಂದುಬಿಡುತ್ತಾರೆ. 'ಇದರಲ್ಲಿ ನೀವು ಒಪ್ಪದ ವಾಕ್ಯ ಯಾವುದು ಸರ್?' ಎಂದು ಕೇಳಿ. ಅವರು ಗುರುತು ಹಾಕಿದ ಪ್ರತಿಗೆ ದಿನಾಂಕ ಬರೆದು ಫೈಲಿಗೆ ಸೇರಿಸಿ.