147ರಿಂದ 154ಕ್ಕೆ: ತೂಕ ಕೂತಿತು, ಜಾಬ್ ಕೂರಲಿಲ್ಲ

ಅಂತೂ ಕಳ್ಳ ಸಿಕ್ಕಿಬಿದ್ದ. 147 ಪೌಂಡಿನ ವಿಭಾಗದಿಂದ 154ಕ್ಕೆ ಏರಿದ ನಮ್ಮ ಬಾಕ್ಸಿಂಗ್ ಹುಡುಗನ ಎಡಗೈ, ಅಂದರೆ ಜಾಬ್ ಎಂಬ ಚುರುಕು ನೇರ ಗುದ್ದು ಹೊಡೆಯುವ ಕೈ, ಏಳನೇ ಸುತ್ತು ಬಂತೆಂದರೆ ಗಲ್ಲದಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಜಾರುತ್ತಿತ್ತು, ಅದಕ್ಕೆ ಕಾರಣ ಹೊಸ ಗ್ಲೌಸ್ ಅಲ್ಲ, ದಮ್ಮು ಸಾಲದ್ದಲ್ಲ, ಮೈಗೆ ಹತ್ತಿದ ಸ್ನಾಯುವೂ ಅಲ್ಲ. ಕ್ಲಿಂಚ್, ಅಂದರೆ ಬಾಕ್ಸರ್‌ಗಳು ಒಬ್ಬರನ್ನೊಬ್ಬರು ತಬ್ಬಿ ಹಿಡಿಯುವುದು. ಮೇಲಿನ ವಿಭಾಗಕ್ಕೆ ಹೋಗಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಎಲ್ಲರ ಕಣ್ಣೂ ತಕ್ಕಡಿಯ ಮೇಲೆ. ಇಬ್ಬರು ತಬ್ಬಿಕೊಂಡಾಗ ಯಾರ ಭಾರ ಯಾರ ಮೇಲೆ ಬೀಳುತ್ತಿದೆ ಅಂತ ನೋಡುವವರು ಕಡಿಮೆ.

ತೂಕ ಏರಿಸುವ ಹಂತವನ್ನು ಇಲ್ಲಿ ಎಳೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ: ವಾರಕ್ಕೆ ದೇಹತೂಕದ ಶೇ 0.25ರಿಂದ 0.5, ದಿನಕ್ಕೆ ಪ್ರತಿ ಕೆ.ಜಿ.ಗೆ 1.6ರಿಂದ 2.2 ಗ್ರಾಂ ಪ್ರೋಟೀನ್. ಒಂದೇ ಎಚ್ಚರ. ಕ್ರಿಯಾಟಿನ್ ಎಂಬ ಪೂರಕ ಶುರು ಮಾಡಿದ ಹೊಸದರಲ್ಲಿ ಏರುವ ಒಂದೆರಡು ಕೆ.ಜಿ. ಬಹುಪಾಲು ನೀರು. ಅದನ್ನು ಸ್ನಾಯುವಿನ ಖಾತೆಗೆ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಅಡ್ಡಾದಿಡ್ಡಿ.

ಏರುವ ತೀರ್ಮಾನ ಸರಿಯೇ ಇತ್ತು. ಪಂದ್ಯವಿಲ್ಲದ ದಿನಗಳಲ್ಲಿ 74 ಕೆ.ಜಿ. ತೂಗುವವನು 147 ಪೌಂಡಿಗೆ, ಅಂದರೆ 66.68 ಕೆ.ಜಿ.ಗೆ ಇಳಿಯಲು ಶೇ 10ರಷ್ಟು ಕಳೆದುಕೊಳ್ಳಬೇಕು. 154 ಪೌಂಡ್ (69.85 ಕೆ.ಜಿ.) ಆದರೆ ಶೇ 5.6 ಸಾಕು. ಒಂದು ಗ್ರಾಂ ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಸಕ್ಕರೆ) ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಆ ಪಾಲು ಬೇಗ ಇಳಿಯುತ್ತದೆ, ತೂಕ ಕೊಟ್ಟ ಮೇಲೆ ಬೇಗ ಮರಳುತ್ತದೆ. ಅದರಾಚೆಗೆ ಬೆವರಿಳಿಸಿದಷ್ಟೂ ರಕ್ತದ ನೀರಿಗೇ ಕೈ ಹಾಕಿದಂತೆ. ಅದು ಒಂದು ರಾತ್ರಿಯಲ್ಲಿ ಪೂರ್ತಿ ತುಂಬುವುದಿಲ್ಲ. ಅಮೆಚೂರ್ ಟೂರ್ನಿಗಳಲ್ಲಂತೂ ಪಂದ್ಯದ ಬೆಳಿಗ್ಗೆಯೇ ತೂಕ, ಅಲ್ಲಿ ಈ ಆಟ ನಡೆಯುವುದೇ ಇಲ್ಲ.

ಆದರೆ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. 147ರಿಂದ 154 ಎಂದರೆ ಶೇ 4.8, 175ರಿಂದ 200 ಎಂದರೆ ಶೇ 14.3. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಪಟ್ಟಿಯಲ್ಲಿ 63.5 ಬಿಟ್ಟರೆ ನೇರ 71 ಕೆ.ಜಿ. ಎಷ್ಟೋ ಸಲ ಆಯ್ಕೆ ಬಾಕ್ಸರ್‌ನ ಕೈಯಲ್ಲೂ ಇರುವುದಿಲ್ಲ: ಟೋಕಿಯೊದಲ್ಲಿ 69 ಕೆ.ಜಿ.ಯಲ್ಲಿ ಕಂಚು ಗೆದ್ದ ಲವ್ಲಿನಾ ಬೋರ್ಗೊಹೈನ್ ಅವರ ವಿಭಾಗವೇ ಪ್ಯಾರಿಸ್‌ಗೆ ಇರಲಿಲ್ಲ. ಅವರು 75ಕ್ಕೆ ಏರಿ 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ಈಗ ತಲೆನೋವಿನ ಕತೆ. ಅಳತೆ ಸರಳ: ಮೂರು ನಿಮಿಷದ ಸುತ್ತಿನ ಮೊದಲ 30 ಸೆಕೆಂಡಿನಲ್ಲಿ ಎಷ್ಟು ಜಾಬ್, ಕೊನೆಯ 30 ಸೆಕೆಂಡಿನಲ್ಲಿ ಎಷ್ಟು. ವಿಡಿಯೊ ನಿಧಾನಕ್ಕೆ ಓಡಿಸಿ ಎಣಿಸುವುದು. ಕಾಲು ಭಾಗಕ್ಕಿಂತ ಹೆಚ್ಚು ಕುಸಿದರೆ ಕೆಂಪು ಗೆರೆ.

ಮೊದಲ ಅನುಮಾನ ಗ್ಲೌಸ್ ಮೇಲೆ. ವೃತ್ತಿಪರ ಪಂದ್ಯಗಳಲ್ಲಿ ಸಾಮಾನ್ಯವಾಗಿ 147ರವರೆಗೆ 8 ಔನ್ಸ್, ಅದರಾಚೆ 10. ಕೈಗೆ 57 ಗ್ರಾಂ ಹೆಚ್ಚು. ಸುತ್ತಿಗೆ ಇಪ್ಪತ್ತು ಮೂವತ್ತು ಸಲ ತೋಳು ಚಾಚಿ ಎಳೆಯುವಾಗ ಇದು ಲೆಕ್ಕಕ್ಕೆ ಬರಲೇಬೇಕು. ಪರೀಕ್ಷೆಗೆ ಮೊದಲು ಗ್ಲೌಸನ್ನೇ ತೂಗಬೇಕಾಯಿತು. ಪೂರೈಕೆದಾರ ಮಹಾಶಯರು ಮಣಿಕಟ್ಟಿನ ಪಟ್ಟಿಯ ಮೇಲೆ 10 ಅಂತ ಅಚ್ಚೊತ್ತಿದ್ದಾರೆ, ಒಳಗೆ ಎಡಕ್ಕೊಂದು ತೂಕ ಬಲಕ್ಕೊಂದು ತೂಕ. ಬದಲಿ ಕೇಳಿದರೆ 'ಚರ್ಮ ಸಾರ್, ಸಹಜ' ಎಂಬ ಉತ್ತರ. ಬಾಕ್ಸರ್ ನೂರು ಗ್ರಾಂ ಹೆಚ್ಚಿದ್ದರೆ ಬಟ್ಟೆ ಬಿಚ್ಚಿಸಿ ತೂಗುತ್ತಾರೆ, ಗ್ಲೌಸ್‌ಗೆ ಮಾತ್ರ ಎಲ್ಲ ಸಹಜ! ಇರಲಿ. ಸರಿಯಾದ ಜೋಡಿ ಹಾಕಿಸಿ ಗುದ್ದುವ ಬ್ಯಾಗ್ ಮೇಲೆ ಬಿಟ್ಟರೆ 8ಕ್ಕೂ 10ಕ್ಕೂ ಕುಸಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ದಮ್ಮೂ ಸರಿ, ವಿರಾಮದ ಒಂದು ನಿಮಿಷದಲ್ಲಿ ನಾಡಿ ಮೊದಲಿನಂತೆಯೇ ಇಳಿಯುತ್ತಿದೆ.

ಹಾಗಾದರೆ ಬ್ಯಾಗಿನಲ್ಲಿ ಇಲ್ಲದ್ದು, ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಗುದ್ದಾಟದಲ್ಲಿ) ಇರುವುದು ಏನು? ಮೈಮೇಲೆ ಬೀಳುವ ಮನುಷ್ಯ. ವಿಶ್ವ ಪ್ರಶಸ್ತಿ ಕೊಡುವ ಸಂಸ್ಥೆಗಳಲ್ಲೊಂದಾದ ಐಬಿಎಫ್, ಪಂದ್ಯದ ದಿನದ ಎರಡನೇ ತೂಕ ವಿಭಾಗದ ತೂಕಕ್ಕಿಂತ 10 ಪೌಂಡ್ ಮೀರಬಾರದೆಂಬ ಮಿತಿ ಹಾಕಿದ್ದುಂಟು. ಆ ಮಿತಿಯೊಳಗಿದ್ದರೂ ಎದುರಾಳಿ 74.4 ಕೆ.ಜಿ. ಇರಬಹುದು, ಮಿತಿ ಇಲ್ಲದ ಕಡೆ ಇನ್ನೂ ಹೆಚ್ಚು. ಕ್ಲಿಂಚ್ ಪೂರ್ತಿ ನಿಷೇಧಿಸಿ ಸ್ಪಾರಿಂಗ್ ಮಾಡಿಸಿದಾಗ ಎಂಟನೇ ಸುತ್ತಲ್ಲೂ ಜಾಬ್ ನಿಂತಿತು. ಹತ್ತು ಕೆ.ಜಿ. ಹೆಚ್ಚಿರುವ ಜೊತೆಗಾರನೊಂದಿಗೆ ನಿಮಿಷಕ್ಕೆ ಹತ್ತು ಸೆಕೆಂಡ್ ಕ್ಲಿಂಚ್ ಸೇರಿಸಿದ್ದೇ ತಡ, ಕೈ ಕೆಳಗೆ.

ಹತ್ತಿರದಿಂದ ನೋಡಿದರೆ ಆಗುತ್ತಿರುವುದು ಇಷ್ಟು. ದೊಡ್ಡವನ ಮುಂದೋಳು ಕತ್ತಿನ ಹಿಂದೆ ಕೂರುತ್ತದೆ, ಕತ್ತು ಬಾಗುತ್ತದೆ. ನಮ್ಮ ಹುಡುಗ ಅವನ ಬಲತೋಳನ್ನು ಮೇಲಿಂದ ಸುತ್ತಿ ಕಂಕುಳಲ್ಲಿ ಅವುಚಿ ಹಿಡಿಯುತ್ತಾನೆ. ರೆಫರಿ 'ಬ್ರೇಕ್' ಅನ್ನುವವರೆಗೂ ಎಡಭುಜ ಬಿಗಿದೇ ಇರುತ್ತದೆ. ಬಿಡಿಸಿದ ಮರುಕ್ಷಣ ಜಾಬ್ ಹೊಡೆಯಬೇಕಾದದ್ದೂ ಅದೇ ಭುಜ.

ಪರಿಹಾರ: ಸುತ್ತಿ ಹಿಡಿಯುವುದು ಬಂದ್. ಎಡಗ್ಲೌಸ್ ಅವನ ಬಲತೋಳಿನ ಮಡಿಕೆಯ ಒಳಗೆ, ಮೊಣಕೈ ಸ್ವಂತ ಪಕ್ಕೆಲುಬಿಗೆ ಅಂಟಿಕೊಂಡು. ಹಣೆ ಅವನ ಕೊರಳೆಲುಬಿನ ಹತ್ತಿರ, ಬೆನ್ನು ನೆಟ್ಟಗೆ, ಮಂಡಿ ಮಡಚಿ ಸೊಂಟ ಅವನದಕ್ಕಿಂತ ಕೆಳಗೆ. ಆಗ ಭಾರ ಭುಜ ಬಿಟ್ಟು ಕಾಲಿಗೆ ಇಳಿಯುತ್ತದೆ. ಅವನು ಒರಗಿದ ಕ್ಷಣ ಎಡಗಾಲು ಹೊರಗಿಟ್ಟು ತಿರುಗಿದರೆ ಅವನ ಭಾರ ಅವನಿಗೇ. ಹೊರಬಂದ ಕೂಡಲೇ ಮೂರು ಜಾಬ್. ಸುತ್ತಿಗೆ ಮೂರು ಸಲ, ವಾರಕ್ಕೆ ಎರಡೇ ದಿನ. ಹೆಚ್ಚಾದರೆ ಕತ್ತು ಹಿಡಿಯುತ್ತದೆ. ಭಾರದ ಜಾಕೆಟ್ ಇದಕ್ಕೆ ಬದಲಿಯಲ್ಲ. ಅದು ನೇರ ಕೆಳಕ್ಕೆ ಜಗ್ಗುತ್ತದೆ, ಕ್ಲಿಂಚ್‌ನಲ್ಲಿ ಭಾರ ಬರುವುದು ಮುಂದಿನಿಂದ, ಕತ್ತಿನ ಮೇಲೆ. ಹೊಲಿಗೆಯಿಂದ ಮರಳು ಸುರಿಸಿಕೊಂಡು ಓಡಾಡುವ ಆ ಜಾಕೆಟ್‌ಗಳ ಬಗ್ಗೆ ಇನ್ನೇನೂ ಹೇಳುವುದು ಬೇಡ.

    

 ಏರಿ ಗೆದ್ದವರ ಪಂದ್ಯಗಳನ್ನು ಈ ಕಣ್ಣಿನಿಂದ ನೋಡಿ. 2008ರಲ್ಲಿ ಪಕಿಯಾವೊ ಡೆ ಲಾ ಹೋಯಾ ಎದುರು, 2025ರಲ್ಲಿ ಕ್ರಾಫರ್ಡ್ 168ಕ್ಕೆ ಬಂದು ಕನೆಲೊ ಎದುರು: ಇಬ್ಬರೂ ಪಂದ್ಯವನ್ನು ತೋಳ್ಬಲದ ಜಗ್ಗಾಟವಾಗಲು ಬಿಡಲಿಲ್ಲ. 2016ರಲ್ಲಿ 147ರಿಂದ ಒಮ್ಮೆಲೇ 160ಕ್ಕೆ ಹಾರಿದ ಕೆಲ್ ಬ್ರೂಕ್ ಗೊಲೊವ್ಕಿನ್ ಎದುರು ಕಣ್ಣಿನ ಗೂಡು ಮುರಿಸಿಕೊಂಡು ಐದನೇ ಸುತ್ತಿನಲ್ಲಿ ಸೋತರು. ಇನ್ನು ಏರಿದವರು ಇಳಿಯುವ ಯೋಚನೆ ಮಾಡುವುದಾದರೆ ರಾಯ್ ಜೋನ್ಸ್ ಅವರನ್ನು ನೆನೆಯಲಿ. 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಹೆವಿವೇಟ್ ಪ್ರಶಸ್ತಿ ಗೆದ್ದವರು, ಮತ್ತೆ 175ಕ್ಕೆ ಇಳಿದ ಮೇಲೆ 2004ರ ಮೇನಲ್ಲಿ ಟಾರ್ವರ್ ಕೈಲಿ ಎರಡನೇ ಸುತ್ತಿಗೇ ನಾಕ್‌ಔಟ್.

ಉಳಿದ ಬಾಕಿ ಒಂದೇ. ಬೆನ್ನು ಹಗ್ಗಕ್ಕೆ ತಾಗಿದಾಗ ಹೊರಗೆ ಕಾಲಿಡಲು ಜಾಗವಿಲ್ಲ, ಹುಡುಗ ಮತ್ತೆ ಹಳೇ ಚಾಳಿಯಂತೆ ತೋಳು ಸುತ್ತುತ್ತಾನೆ. ಅಲ್ಲಿ ಬಲಗಾಲಿನ ಮೇಲೆ ತಿರುಗಿಸುವುದೋ, ಹಗ್ಗಕ್ಕೆ ಹೋಗುವ ಮೊದಲೇ ತಡೆಯುವುದೋ, ಎರಡನ್ನೂ ಅದೇ 30 ಸೆಕೆಂಡಿನ ಎಣಿಕೆಯಲ್ಲಿ ಹಾಕಿ ನೋಡುವುದಿದೆ.